ಬೆಳೆ ಕಾಯುವ ಕೋವಿ: ಈಡಿಗೆ ಮೊದಲು ಗಮನಿಸಬೇಕಾದ ಸಣ್ಣ ಸಂಗತಿಗಳು

ಮೆಕ್ಕೆಜೋಳದ ತೆನೆ ಹಾಲುಗಟ್ಟುವ ಹೊತ್ತಿಗೆ ಲಿಂಗದಹಳ್ಳಿ ಹೋಬಳಿಯ ರೈತರಿಗೆ ರಾತ್ರಿಯ ನಿದ್ದೆ ದೂರವಾಗುತ್ತದೆ. ಒಂದು ಕಡೆ ಬಾಬಾಬುಡನ್‌ಗಿರಿಯ ಸಾಲು, ಇನ್ನೊಂದು ಕಡೆ ಭದ್ರಾ ಅಭಯಾರಣ್ಯದ ಕಾಡು. ನಡುವಿನ ಹೊಲ ತೋಟಗಳಿಗೆ ಕಾಡುಹಂದಿಯ ಹಿಂಡು ಇಳಿದರೆ ಮೂರು ತಿಂಗಳ ಬೆವರು ಒಂದೇ ರಾತ್ರಿಯಲ್ಲಿ ಮಣ್ಣುಪಾಲಾಗುತ್ತದೆ. ಆದುದರಿಂದಲೇ ಮಲೆನಾಡಿನ ಅಂಚಿನ ಅನೇಕ ಮನೆಗಳಲ್ಲಿ ಪರವಾನಗಿ ಪಡೆದ ಕೋವಿಯೊಂದು ತಲೆತಲಾಂತರದಿಂದ ಉಳಿದುಬಂದಿದೆ.

ನೇಗಿಲು, ಪಂಪ್‌ಸೆಟ್ಟು, ಔಷಧಿ ಸಿಂಪಡಿಸುವ ಯಂತ್ರಗಳಂತೆ ಕೋವಿಯೂ ಬೇಸಾಯದ ಒಂದು ಸಾಧನ. ಆದರೆ ಬೇರೆ ಸಾಧನಗಳಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಅಡಿಕೆಗೆ ಬೋರ್ಡೋ ದ್ರಾವಣ ಮಾಡುವಾಗ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕವನ್ನು ನೀವು ತಪ್ಪುವುದಿಲ್ಲ. ದ್ರಾವಣದಲ್ಲಿ ಚಾಕು ಅದ್ದಿ, ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕೆಂದು ತಿಳಿಯುತ್ತೀರಿ. ಅಲ್ಲಿ ಅಳತೆ ತಪ್ಪಿದರೆ ಎಲೆ ಸುಡುತ್ತದೆ, ಮುಂದಿನ ಸಲ ಸರಿಮಾಡಿಕೊಳ್ಳಬಹುದು. ಕೋವಿಯಲ್ಲಿ ಗಮನ ತಪ್ಪಿದರೆ ಸರಿಮಾಡಿಕೊಳ್ಳಲು ಮುಂದಿನ ಸಲ ಎಂಬುದು ಇರುವುದಿಲ್ಲ. ಕೋವಿಯ ಅಪಘಾತಗಳಲ್ಲಿ ಬಹಳಷ್ಟು ನಡೆಯುವುದು ಧೈರ್ಯ ಸಾಲದೆ ಅಲ್ಲ, ಗುರಿ ತಪ್ಪಿ ಅಲ್ಲ. ಟ್ರಿಗರ್ ಎಳೆಯುವ ಮೊದಲು ನೋಡಬೇಕಾದ ಚಿಕ್ಕದೊಂದನ್ನು ನೋಡದೆ ಬಿಟ್ಟಿದ್ದರಿಂದ.

ನಿಮ್ಮ ಮನೆಯಲ್ಲಿ ಕೋವಿ ಇದ್ದರೆ ಈ ಕೆಳಗಿನ ಸಂಗತಿಗಳನ್ನು ಒಂದೊಂದಾಗಿ ಗಮನಿಸಿರಿ. ಕೋವಿ ಇಲ್ಲದವರೂ ಓದಿರಿ. ಪಕ್ಕದ ಹೊಲದವರ ಕೋವಿಯ ಮುಂದೆ ಓಡಾಡುವವರು ನೀವೇ.

ನಿಮ್ಮ ಕೋವಿ ಯಾವುದು?

ನಮ್ಮಲ್ಲಿ ಬೆಳೆ ರಕ್ಷಣೆಗೆ ಬಳಕೆಯಲ್ಲಿರುವ ಕೋವಿಗಳು ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಕೇಪಿನ ಕೋವಿ. ಇದರಲ್ಲಿ ಕರಿಮದ್ದು, ಅಂದರೆ ನಮ್ಮ ಕಡೆಯವರು ಮಸಿ ಎಂದು ಕರೆಯುವುದು, ಅದರ ಮೇಲೆ ಅಡಕ, ಚರೆ ಎಲ್ಲವನ್ನೂ ನಳಿಗೆಯ ಬಾಯಿಂದಲೇ ತುಂಬಿ ಗಜದಿಂದ ಒತ್ತಬೇಕು. ಎರಡನೆಯದು ತೋಟಾ ಕೋವಿ. ಇದನ್ನು ನಡುವೆ ಮಡಚಿ, ಕಾರ್ಖಾನೆಯಲ್ಲಿ ತಯಾರಾದ ತೋಟಾವನ್ನು ಹಿಂದಿನಿಂದ ಇಡಲಾಗುತ್ತದೆ. ಎರಡರ ನಳಿಗೆಯೂ ಒಳಗೆ ನುಣುಪು. ರೈಫಲಿನ ಹಾಗೆ ಒಳಗೆ ಸುರುಳಿ ಗೀರುಗಳಿರುವುದಿಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೆಯ ಕಲಮು ಬೆಳೆ ರಕ್ಷಣೆಯನ್ನು ಹೆಸರಿಸಿಯೇ ಹೇಳುತ್ತದೆ. ನಿಜವಾದ ಬೆಳೆ ರಕ್ಷಣೆಗೆ ಬಾಯಿಂದ ತುಂಬುವ ಕೋವಿಗೆ ಪರವಾನಗಿ ಕೊಡಬಹುದು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಕೋವಿಗೂ ಕೊಡಬಹುದು. 2019ರ ತಿದ್ದುಪಡಿಯ ನಂತರ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಪರವಾನಗಿಯ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ. ಹಳೆಯ ಲೆಕ್ಕದಲ್ಲೇ ಇರುವವರು ಪುಸ್ತಕ ತೆಗೆದು ದಿನಾಂಕ ನೋಡಿಕೊಳ್ಳುವುದು ಒಳ್ಳೆಯದು. ಪುಸ್ತಕದಲ್ಲಿ ಮುದ್ರಿಸಿರುವ ಷರತ್ತುಗಳನ್ನೂ ಒಮ್ಮೆ ಪೂರ್ತಿಯಾಗಿ ಓದಿರಿ, ಓದಲು ಬಾರದಿದ್ದರೆ ಓದಿಸಿಕೊಳ್ಳಿರಿ. ಪರವಾನಗಿಯಲ್ಲಿ ಹೆಸರಿಲ್ಲದ ಆಳಿನ ಕೈಗಾಗಲಿ ಮಗನ ಕೈಗಾಗಲಿ ಕೋವಿ ಕೊಟ್ಟು ಕಾವಲಿಗೆ ಕಳಿಸುವುದು ಅಪರಾಧ.

ಮೊದಲ ಕೆಲಸ: ನಳಿಗೆಯ ಮೂಲಕ ಬೆಳಕು ನೋಡುವುದು

ಚುನಾವಣೆ ಬಂದಾಗ ಕೋವಿಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸುವುದು ನಿಮಗೆ ಗೊತ್ತೇ ಇದೆ. 2023ರ ವಿಧಾನಸಭಾ ಚುನಾವಣೆ, 2024ರ ಲೋಕಸಭಾ ಚುನಾವಣೆ, ಹೀಗೆ ಒಂದರ ಹಿಂದೆ ಒಂದು ಬಂದಾಗ ಕೋವಿ ಮನೆಯಲ್ಲಿದ್ದುದಕ್ಕಿಂತ ಹೊರಗಿದ್ದುದೇ ಹೆಚ್ಚೇನೋ ಎನ್ನಿಸಿದ್ದೂ ಉಂಟು. ವಾರಗಟ್ಟಲೆ ಗೋಡೆಗೆ ಒರಗಿದ್ದ ಕೋವಿ ಮನೆಗೆ ಬಂದ ದಿನ ನೇರವಾಗಿ ತೋಟಾ ಇಡಬಾರದು. ಅಟ್ಟದ ಮೇಲೆ ಆರು ತಿಂಗಳು ಮಲಗಿದ್ದ ಕೋವಿಗೂ ಇದೇ ಮಾತು.

ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಕೊಳವೆಯಾಕಾರದ ಸಂದು ಎಂದರೆ ಬಲು ಇಷ್ಟ. ಕಿಟಕಿಯ ತೂತು, ಬೀಗದ ಕಿಂಡಿ, ಕೋವಿಯ ನಳಿಗೆ ಅದಕ್ಕೆ ಎಲ್ಲವೂ ಒಂದೇ. ಅದು ಇಟ್ಟ ಒಂದು ಉಂಡೆ ಮಣ್ಣು ನಳಿಗೆಯ ನಡುವೆ ಗಟ್ಟಿಯಾಗಿ ಕೂತಿರುತ್ತದೆ. ಹಿಂದಿನ ಸಲ ಒರೆಸಿದ ಬಟ್ಟೆಯ ಚೂರು ಒಳಗೇ ಉಳಿದಿರಬಹುದು. ಬದು ದಾಟುವಾಗ ಜಾರಿ ಬಾಯಿಗೆ ಕೆಸರು ಮೆತ್ತಿಕೊಂಡಿರಬಹುದು. ಈಡು ಹೊಡೆದಾಗ ಹಿಂದಿನಿಂದ ನುಗ್ಗುವ ಹೊಗೆಗೆ ಮುಂದೆ ದಾರಿ ಸಿಕ್ಕದಿದ್ದರೆ ಅದು ನಳಿಗೆಯ ಪಕ್ಕವನ್ನೇ ಸೀಳಿಕೊಂಡು ಹೊರಡುತ್ತದೆ. ಅಲ್ಲಿರುವುದು ನಿಮ್ಮ ಎಡಗೈ.

ಆದಕಾರಣ ತೋಟಾ ಕೋವಿಯನ್ನು ಮಡಚಿ, ಒಳಗೆ ತೋಟಾ ಇಲ್ಲವೆಂದು ಕಣ್ಣಿಂದಲೂ ಬೆರಳಿಂದಲೂ ಖಚಿತಮಾಡಿಕೊಂಡು, ಹಿಂದಿನಿಂದ ಬೆಳಕಿನ ಕಡೆಗೆ ನೋಡಿರಿ. ನಳಿಗೆ ಉದ್ದಕ್ಕೂ ದುಂಡಗೆ, ಬೆಳ್ಳಗೆ ಕಾಣಬೇಕು. ನಡುವೆ ಉಂಗುರದಂತೆ ಕಪ್ಪು ನೆರಳು ಕಂಡರೆ ನಳಿಗೆ ಅಲ್ಲಿ ಉಬ್ಬಿದೆ ಎಂದರ್ಥ. ಹೊರಗಿನಿಂದ ಬೆರಳಾಡಿಸಿದರೆ ಉಬ್ಬು ಕೈಗೆ ಸಿಕ್ಕುತ್ತದೆ. ಅಂತಹ ಕೋವಿಯಿಂದ ಇನ್ನೊಂದು ಈಡೂ ಹೊಡೆಯಬಾರದು. ರಿಪೇರಿಯನ್ನು ಊರಿನ ಕುಲುಮೆಯಲ್ಲಿ ಮಾಡಿಸುವಂತಿಲ್ಲ. ಬಂದೂಕು ರಿಪೇರಿಗೂ ಪರವಾನಗಿ ಬೇಕು, ಅಂತಹ ಪರವಾನಗಿ ಪಡೆದ ಅಂಗಡಿಗೇ ಒಯ್ಯಬೇಕು.

ಎರಡನೆಯದು: ತೋಟಾಕ್ಕೂ ಕೋವಿಗೂ ಹೊಂದಿಕೆ

ತೋಟಾ ಕೋವಿಯ ಅಳತೆಯನ್ನು ಬೋರ್ ಎನ್ನುತ್ತಾರೆ. 12 ಬೋರ್ ಎಂದರೇನು? ಒಂದು ಪೌಂಡು ಸೀಸವನ್ನು ಸಮನಾದ 12 ಗುಂಡುಗಳಾಗಿ ಮಾಡಿದರೆ ಅದರಲ್ಲಿ ಒಂದು ಗುಂಡು ಎಷ್ಟು ದಪ್ಪವೋ ಅಷ್ಟು ಅಗಲದ ನಳಿಗೆ. ಆದ್ದರಿಂದ ಅಂಕಿ ದೊಡ್ಡದಾದಷ್ಟೂ ನಳಿಗೆ ಕಿರಿದು. 12 ಬೋರ್ ಸುಮಾರು 18.5 ಮಿಲಿಮೀಟರ್, 16 ಬೋರ್ ಸುಮಾರು 16.8, 20 ಬೋರ್ ಸುಮಾರು 15.6 ಮಿಲಿಮೀಟರ್.

ಈ ಲೆಕ್ಕ ನೆನಪಿಡಬೇಕಾದ ಕಾರಣ ಹೀಗಿದೆ. 20 ಬೋರಿನ ತೋಟಾವನ್ನು ಕತ್ತಲಲ್ಲಿ ಅರಿಯದೆ 12 ಬೋರಿನ ಕೋವಿಗೆ ಹಾಕಿದರೆ ಅದು ಹಿಂದೆ ನಿಲ್ಲದೆ ಮುಂದಕ್ಕೆ ಜಾರಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಮನೆ ಖಾಲಿ. ತೋಟಾ ಇಟ್ಟೇ ಇಲ್ಲವೆಂದು ತಿಳಿದು ಮತ್ತೊಂದು, ಸರಿಯಾದ 12 ಬೋರಿನದನ್ನು ಇಟ್ಟು ಹೊಡೆದರೆ ಎದುರಿಗೆ ಮದ್ದು ತುಂಬಿದ ಇನ್ನೊಂದು ತೋಟಾ ಅಡ್ಡವಿರುತ್ತದೆ. ನಳಿಗೆ ಸಿಡಿಯುವುದಕ್ಕೆ ಇದಕ್ಕಿಂತ ಖಂಡಿತವಾದ ದಾರಿ ಬೇರಿಲ್ಲ. ಈ ಒಂದು ಅಪಾಯಕ್ಕಾಗಿಯೇ ಅಮೆರಿಕದ ಕಾರ್ಖಾನೆಗಳು 20 ಬೋರಿನ ತೋಟಾಗಳಿಗೆ ಹಳದಿ ಬಣ್ಣ ಕೊಡುವ ಪದ್ಧತಿ ಇಟ್ಟುಕೊಂಡಿವೆ. ನಮ್ಮಲ್ಲಿ ಬಣ್ಣವನ್ನು ನಂಬದೆ ತೋಟಾದ ಹಿತ್ತಾಳೆ ತಳದಲ್ಲಿ ಅಚ್ಚಾದ ಅಂಕಿ ಓದಬೇಕು. ಎರಡು ಅಳತೆಯ ತೋಟಾ ಒಂದೇ ಮನೆಯಲ್ಲಿ ಇರಲೇಬಾರದು. ಅಣ್ಣತಮ್ಮಂದಿರ ಎರಡು ಕೋವಿಗಳಿದ್ದರೆ ಒಂದೇ ಪೆಟ್ಟಿಗೆಯಲ್ಲಂತೂ ಇಡಲೇಬಾರದು, ಒಂದೇ ಜೇಬಿನಲ್ಲಿ ಬೇಡವೇ ಬೇಡ.

ಇನ್ನೊಂದು ಅಳತೆ ಉದ್ದದ್ದು. 12 ಬೋರಿನಲ್ಲಿಯೇ 65 ಮಿಲಿಮೀಟರ್ ಮತ್ತು 70 ಮಿಲಿಮೀಟರ್ ಉದ್ದದ ತೋಟಾಗಳಿವೆ. ಅಜ್ಜನ ಕಾಲದ ಇಂಗ್ಲಿಷ್ ಕೋವಿಗಳಲ್ಲಿ ಹಲವಕ್ಕೆ 65ರ ಮನೆ. 70ರ ತೋಟಾ ಆ ಮನೆಯೊಳಗೆ ಕೂರುತ್ತದೆ, ಆದರೆ ಹೊಡೆದಾಗ ಅದರ ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಕೂತಿತು ಎಂಬ ಮಾತ್ರಕ್ಕೆ ಹೊಂದಿತು ಎಂದಲ್ಲ. ನಿಮ್ಮ ಕೋವಿಯ ಮನೆಯ ಉದ್ದ ಎಷ್ಟೆಂದು ಪರವಾನಗಿ ಪಡೆದ ಅಂಗಡಿಯವರಿಂದ ಒಮ್ಮೆ ಅಳೆಸಿ, ಪರವಾನಗಿ ಪುಸ್ತಕದೊಳಗೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿರಿ.

ಮೂರನೆಯದು: ಒಂದೊಂದು ತೋಟಾವನ್ನೂ ಕೈಯಲ್ಲಿ ಹಿಡಿದು ನೋಡುವುದು

ಬಿತ್ತನೆ ಬೀಜವನ್ನು ಆರಿಸುವಂತೆ ತೋಟಾಗಳನ್ನು ಆರಿಸಬೇಕು. ಹಗಲಿನ ಬೆಳಕಿನಲ್ಲಿ, ಕೋವಿಯನ್ನು ಬೇರೆಡೆ ಇಟ್ಟು, ಒಂದೊಂದಾಗಿ ನೋಡಿರಿ.

ಮೈ ಉಬ್ಬಿದೆಯೇ? ಕಾಗದದ ಹಳೆಯ ತೋಟಾಗಳು ನಮ್ಮ ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತವೆ. ಅವು ಮನೆಯೊಳಗೆ ಬಿಗಿಯುತ್ತವೆ, ಒತ್ತಿ ತೂರಿಸಬಾರದು. ತಳದ ಹಿತ್ತಾಳೆ ಹಸಿರುಗಟ್ಟಿದೆಯೇ? ಒಳಗೂ ತೇವ ಹೋಗಿರುವ ಸಂಭವವಿದೆ. ತಳದ ನಡುವಿನ ಕೇಪು ಮಟ್ಟವಾಗಿದೆಯೇ? ಮೇಲೆದ್ದು ನಿಂತಿದ್ದರೆ ಕೋವಿ ಮುಚ್ಚುವಾಗಲೇ ಸಿಡಿಯಬಹುದು. ಬಾಯಿಯ ಮಡಿಕೆ ಬಿಟ್ಟುಕೊಂಡು ಚರೆ ಉದುರುತ್ತಿದೆಯೇ? ಇವುಗಳಲ್ಲಿ ಯಾವ ದೋಷ ಕಂಡರೂ ಆ ತೋಟಾ ಕೆಲಸಕ್ಕೆ ಬಾರದು. ಅದನ್ನು ಒಲೆಗೆ ಎಸೆಯಬೇಡಿರಿ, ಬಾವಿಗೆ ಹಾಕಬೇಡಿರಿ, ಮಕ್ಕಳಿಗೆ ಆಡಲು ಸಿಕ್ಕುವಂತೆ ಬಿಡಬೇಡಿರಿ. ಬೇರೆ ಡಬ್ಬಿಯಲ್ಲಿಟ್ಟು ಅಂಗಡಿಗೋ ಠಾಣೆಗೋ ತಿಳಿಸಿ ಒಪ್ಪಿಸಿರಿ.

ಒಳ್ಳೆಯ ತೋಟಾಗಳನ್ನು ಬೀಗವಿರುವ ಪೆಟ್ಟಿಗೆಯಲ್ಲಿ, ಕೋವಿಯಿಂದ ಬೇರೆಯಾಗಿ, ಒಲೆಯ ಗೂಡಿಗೂ ಹೆಂಚಿನ ಕೆಳಗಿನ ಅಟ್ಟಕ್ಕೂ ದೂರವಾಗಿ ಇಡಬೇಕು. ಗೊಬ್ಬರ, ಕೀಟನಾಶಕ, ಡೀಸೆಲ್ ಇಡುವ ಕೋಣೆ ಇದಕ್ಕೆ ತಕ್ಕ ಜಾಗವಲ್ಲ. ಕೊಂಡ ವರ್ಷವನ್ನು ಪೆಟ್ಟಿಗೆಯ ಮೇಲೆ ಬರೆದು, ಹಳೆಯದನ್ನು ಮೊದಲು ಬಳಸುವ ಕ್ರಮ ಇಟ್ಟುಕೊಳ್ಳಿರಿ.

ಖಾಲಿ ತೋಟಾವನ್ನು ಮನೆಯಲ್ಲಿ ತುಂಬಬಹುದೇ?

ತೋಟಾಗಳ ಬೆಲೆ ಏರಿದೆ, ಸಿಕ್ಕುವುದೂ ಕಷ್ಟ. ಹೊಡೆದ ಖಾಲಿ ತೋಟಾಕ್ಕೆ ಮತ್ತೆ ಮದ್ದು ತುಂಬಿದರೆ ಹೇಗೆ ಎಂಬ ಪ್ರಶ್ನೆ ಹಳ್ಳಿಗಳಲ್ಲಿ ಏಳುವುದು ಸಹಜ. ಅಮೆರಿಕದಂತಹ ದೇಶಗಳಲ್ಲಿ ಗುರಿ ಹೊಡೆಯುವ ಹವ್ಯಾಸಿಗಳು ರೈಫಲಿನ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುತ್ತಾರೆ ಎಂಬುದು ನಿಜ. ಆದರೆ ಅವರು ಹೇಗೆ ಕೆಲಸ ಮಾಡುತ್ತಾರೆ ಎಂಬುದನ್ನು ತಿಳಿದರೆ ನಮ್ಮ ಪ್ರಶ್ನೆಗೆ ಅದರಲ್ಲೇ ಉತ್ತರವಿದೆ.

ಅವರು ಮದ್ದು ತೂಗುವ ಅಳತೆಗೆ ಗ್ರೇನ್ ಎಂದು ಹೆಸರು. ಒಂದು ಗ್ರೇನ್ ಎಂದರೆ ಒಂದು ಗ್ರಾಮಿನ ಸುಮಾರು ಹದಿನೈದನೆಯ ಒಂದು ಪಾಲು. ಅದರಲ್ಲಿಯೂ ಹತ್ತನೆಯ ಒಂದು ಪಾಲಿನವರೆಗೆ, ಅಂದರೆ ಆರೂವರೆ ಮಿಲಿಗ್ರಾಮಿನವರೆಗೆ, ತಕ್ಕಡಿಯಲ್ಲಿ ನೋಡುತ್ತಾರೆ. ಮದ್ದಿನ ಕಾರ್ಖಾನೆ ಪರೀಕ್ಷಿಸಿ ಅಚ್ಚುಮಾಡಿದ ಪುಸ್ತಕವನ್ನು ಎದುರಿಗಿಟ್ಟುಕೊಂಡು, ಅದರಲ್ಲಿರುವುದನ್ನು ಮೀರದೆ ನಡೆಯುತ್ತಾರೆ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಬಗೆಯ ಮದ್ದು ಇರಬೇಕು, ಎರಡು ಡಬ್ಬಿ ಇರಬಾರದು ಎಂಬುದು ಅವರ ಕಟ್ಟಳೆ. ಒಂದರಲ್ಲಿ ಎರಡು ಸಲ ಮದ್ದು ಬಿದ್ದಿದೆಯೇ, ಇನ್ನೊಂದರಲ್ಲಿ ಬೀಳದೆ ಹೋಗಿದೆಯೇ ಎಂದು ತುಂಬಿದ ಪ್ರತಿಯೊಂದನ್ನೂ ದೀಪದ ಕೆಳಗೆ ಇಣುಕಿ ನೋಡಿ ಆಮೇಲೆ ಗುಂಡು ಕೂರಿಸುತ್ತಾರೆ. ಆ ಹೊತ್ತಿನಲ್ಲಿ ಮಾತಿಲ್ಲ, ಬೀಡಿಯಿಲ್ಲ, ರೇಡಿಯೋ ಇಲ್ಲ. ಹೀಗಿದ್ದೂ ಗಮನ ತಪ್ಪಿದವರ ಬಂದೂಕುಗಳು ಒಡೆದಿವೆ.

ಈ ತಕ್ಕಡಿ, ಪುಸ್ತಕ, ಉಪಕರಣಗಳು ಯಾವುವೂ ನಮ್ಮ ಅಡಿಕೆ ಸುಲಿಯುವ ಜಗಲಿಯಲ್ಲಿಲ್ಲ. ಅಂದಾಜಿನ ಚಮಚ, ಯಾರೋ ಕೊಟ್ಟ ಮದ್ದು, ಹಳೆಯ ಖಾಲಿ ತೋಟಾ ಸೇರಿದರೆ ಆಗುವುದು ಉಳಿತಾಯವಲ್ಲ. ಮೇಲಾಗಿ, ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಕಲಮಿಗೆ ವಿರುದ್ಧ. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಸೆರೆವಾಸವಿದೆ. ಹೊಡೆದ ತೋಟಾವನ್ನು ಮತ್ತೆ ತುಂಬಬೇಡಿರಿ, ತುಂಬಿದ್ದನ್ನು ಕೊಳ್ಳಬೇಡಿರಿ, ಯಾರಾದರೂ ಪುಕ್ಕಟೆ ಕೊಟ್ಟರೂ ನಿಮ್ಮ ಕೋವಿಗೆ ಇಡಬೇಡಿರಿ.

ಕೇಪಿನ ಕೋವಿಯವರಿಗೆ ಹೆಚ್ಚಿನ ಮಾತು

ಕೇಪಿನ ಕೋವಿಯಲ್ಲಿ ಪ್ರತಿಯೊಂದು ಈಡನ್ನೂ ನಿಮ್ಮ ಕೈಯೇ ತಯಾರಿಸುತ್ತದೆ. ಆದಕಾರಣ ಇಲ್ಲಿ ಗಮನ ಇಮ್ಮಡಿಯಾಗಿರಬೇಕು.

ಮೊದಲನೆಯ ಮಾತು ಮದ್ದಿನದು. ಕೇಪಿನ ಕೋವಿ ಕರಿಮದ್ದಿಗಾಗಿ ಮಾಡಿದ್ದು. ತೋಟಾದೊಳಗೆ ಇರುವುದು ಹೊಗೆಯಿಲ್ಲದ ಬೇರೆಯೇ ಮದ್ದು. ಅದು ಏರಿಸುವ ಒತ್ತಡವನ್ನು ಕೇಪಿನ ಕೋವಿಯ ನಳಿಗೆ ತಡೆಯಲಾರದು. ತೋಟಾ ಬಿಚ್ಚಿ ಅದರ ಮದ್ದನ್ನು ಕೇಪಿನ ಕೋವಿಗೆ ಸುರಿಯುವುದು ಕೋವಿಯನ್ನೇ ಬಾಂಬು ಮಾಡಿದಂತೆ. ಬಂಡೆ ಒಡೆಯುವ ಮದ್ದಿಗೂ ಪಟಾಕಿಯ ಮದ್ದಿಗೂ ಇದೇ ಎಚ್ಚರಿಕೆ.

ಎರಡನೆಯದು, ಈಡು ಒಳಗಿದೆಯೋ ಇಲ್ಲವೋ ಎಂಬುದು. ಕೇಪಿನ ಕೋವಿಯನ್ನು ಮಡಚಿ ನೋಡಲು ಬರುವುದಿಲ್ಲ. 1863ರಲ್ಲಿ ಅಮೆರಿಕದ ಗೆಟ್ಟಿಸ್‌ಬರ್ಗ್ ಎಂಬಲ್ಲಿ ನಡೆದ ಯುದ್ಧದ ನಂತರ ರಣರಂಗದಲ್ಲಿ ಬಿದ್ದಿದ್ದ ಸುಮಾರು 27 ಸಾವಿರ ಬಂದೂಕುಗಳನ್ನು ಆಯ್ದು ತಂದು ಪರೀಕ್ಷಿಸಿದರು. ಸುಮಾರು 12 ಸಾವಿರ ಬಂದೂಕುಗಳಲ್ಲಿ ಒಂದರ ಮೇಲೊಂದು ಎರಡು ಈಡು ತುಂಬಿದ್ದವೆಂದೂ, ಒಂದರಲ್ಲಂತೂ 23 ಈಡುಗಳಿದ್ದವೆಂದೂ ದಾಖಲಾಗಿದೆ. ಅವರು ತರಬೇತಾದ ಸಿಪಾಯಿಗಳು. ಗಲಾಟೆಯಲ್ಲಿ, ಹೆದರಿಕೆಯಲ್ಲಿ ಅವರೇ ಮರೆತರು. ಕತ್ತಲಲ್ಲಿ ಹಂದಿಯ ಗುಟುರು ಕೇಳುತ್ತಿರುವಾಗ ನಾವು ಮರೆಯುವುದಿಲ್ಲ ಎನ್ನಲಾದೀತೇ?

ಇದಕ್ಕೊಂದು ಸುಲಭ ಉಪಾಯವಿದೆ. ಕೋವಿ ಖಚಿತವಾಗಿ ಖಾಲಿಯಿರುವಾಗ ಗಜವನ್ನು ನಳಿಗೆಯೊಳಗೆ ತಳಮುಟ್ಟ ಇಳಿಸಿ, ಬಾಯಿಯ ಮಟ್ಟಕ್ಕೆ ಗಜದ ಮೇಲೆ ಒಂದು ಗೆರೆ ಕೊರೆಯಿರಿ. ಮುಂದೆ ಎಂದಾದರೂ ಗಜ ಇಳಿಸಿದಾಗ ಆ ಗೆರೆ ಬಾಯಿಗಿಂತ ಮೇಲೆ ನಿಂತರೆ ಒಳಗೆ ಏನೋ ಇದೆ ಎಂದು ತಿಳಿಯಿರಿ. ಅಳೆಯುವಾಗ ಮೊಲೆಯ ಮೇಲೆ ಕೇಪು ಇರಕೂಡದು, ನಿಮ್ಮ ಮುಖವಾಗಲಿ ಅಂಗೈಯಾಗಲಿ ನಳಿಗೆಯ ಬಾಯಿಗೆ ನೇರವಾಗಿರಕೂಡದು. ಕೇಪನ್ನು ಏರಿಸುವುದು ಯಾವಾಗಲೂ ಕೊನೆಯ ಕೆಲಸ.

ಮೂರನೆಯದು ತೊಳೆಯುವುದು. ಕರಿಮದ್ದು ಸುಟ್ಟ ಮೇಲೆ ಉಳಿಯುವ ಮಸಿ ಗಾಳಿಯ ತೇವವನ್ನು ಎಳೆದುಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಹೊಡೆದ ದಿನವೇ, ಕೋವಿ ಖಾಲಿಯೆಂದು ನೋಡಿಕೊಂಡು, ಬಿಸಿನೀರಿನಿಂದ ತೊಳೆದು, ಒಣಬಟ್ಟೆಯಿಂದ ಒರೆಸಿ, ತೆಳುವಾಗಿ ಎಣ್ಣೆ ಸವರಬೇಕು. ನಾಳೆಗೆ ಎಂದು ಬಿಟ್ಟರೆ ಮಳೆಗಾಲದಲ್ಲಿ ಒಂದೇ ರಾತ್ರಿಗೆ ತುಕ್ಕು ಹಿಡಿಯುತ್ತದೆ. ಮುಂದಿನ ಸಲ ತುಂಬುವ ಮೊದಲು ಆ ಎಣ್ಣೆಯನ್ನು ಒರೆಸಿ ತೆಗೆಯಬೇಕೆಂಬುದನ್ನೂ ಮರೆಯಬಾರದು.

ಸಿಡಿಯದ ಈಡು, ಸದ್ದು ಕುಂದಿದ ಈಡು

ಟ್ರಿಗರ್ ಎಳೆದಿರಿ, ಟಕ್ ಎಂದಿತು, ಈಡು ಹಾರಲಿಲ್ಲ. ಆಗ ಮನುಷ್ಯನ ಕೈ ಕೂಡಲೇ ಕೋವಿ ಬಿಚ್ಚಲು ಹೋಗುತ್ತದೆ. ಅದೇ ಅಪಾಯ. ತೇವದ ಮದ್ದು ಕೆಲವೊಮ್ಮೆ ತಡವಾಗಿ ಹೊತ್ತಿಕೊಳ್ಳುತ್ತದೆ. ಕೋವಿಯ ಬಾಯನ್ನು ಜನರಿಲ್ಲದ ನೆಲದ ಕಡೆಗೇ ಹಿಡಿದು, ತೋಟಾ ಕೋವಿಯಾದರೆ ಒಂದು ನಿಮಿಷ, ಕೇಪಿನ ಕೋವಿಯಾದರೆ ಎರಡು ನಿಮಿಷ ಅಲುಗಾಡದೆ ನಿಲ್ಲಿರಿ. ಹಂದಿ ಹೋದರೆ ಹೋಗಲಿ. ಸಿಡಿಯದ ತೋಟಾವನ್ನು ಎರಡನೆಯ ಸಲ ಪರೀಕ್ಷಿಸದೆ ಬೇರೆಯಾಗಿ ಇಡಿರಿ.

ಇದಕ್ಕಿಂತ ಮೋಸದ್ದು ಸದ್ದು ಕುಂದಿದ ಈಡು. ಢಂ ಎನ್ನಬೇಕಾದುದು ಪುಸ್ಸೆಂದರೆ, ಹಿಂದಕ್ಕೆ ಒದೆತವೂ ಕಡಿಮೆಯಾದರೆ, ಅಡಕವೋ ಚರೆಯೋ ನಳಿಗೆಯಲ್ಲೇ ಉಳಿದಿರಬಹುದು. ಕೋವಿ ಬಿಚ್ಚಿ ನಳಿಗೆ ನೋಡದೆ ಎರಡನೆಯದನ್ನು ಇಡಲೇಬಾರದು. ಕತ್ತಲಾದರೆ ಅಂದಿಗೆ ಅಷ್ಟೇ, ಮನೆಗೆ ಬನ್ನಿರಿ.

ಗುರಿಯ ಆಚೆ ಏನಿದೆ?

ಸಣ್ಣ ಚರೆ 200 ಮೀಟರಿಗೂ ಆಚೆ ಹೋಗಿ ಬೀಳಬಲ್ಲದು. ದಪ್ಪ ಚರೆ ಅರ್ಧ ಕಿಲೋಮೀಟರನ್ನೂ ದಾಟೀತು. ಒಂಟಿ ಗುಂಡು ಇನ್ನೂ ದೂರ ಹೋಗುತ್ತದೆ. ನಮ್ಮ ಹಿಡುವಳಿಗಳೋ ಎರಡೆಕರೆ, ಮೂರೆಕರೆಯವು. ಎಂದರೆ ನಿಮ್ಮ ಹೊಲದಲ್ಲಿ ಹೊಡೆದ ಈಡು ಮುಗಿಯುವುದು ಬೇರೆಯವರ ಹೊಲದಲ್ಲಿ. ಅಲ್ಲಿಯೂ ಒಬ್ಬರು ಅಟ್ಟಣೆಯ ಮೇಲೆ ಕಾವಲು ಕೂತಿರುತ್ತಾರೆ. ನೀರು ಹಾಯಿಸಲು ರಾತ್ರಿ ಕರೆಂಟು ಬಂದಾಗ ಮೋಟಾರು ಹಾಕಲು ಬಂದವರಿರುತ್ತಾರೆ.

ಆದ್ದರಿಂದ ಸದ್ದಿಗೆ ಹೊಡೆಯಬಾರದು, ಅಲುಗಾಡುವ ಪೈರಿಗೆ ಹೊಡೆಯಬಾರದು, ಹೊಳೆಯುವ ಕಣ್ಣಿಗೂ ಹೊಡೆಯಬಾರದು. ದನದ ಕಣ್ಣು, ನಾಯಿಯ ಕಣ್ಣು ಕೂಡ ಬ್ಯಾಟರಿ ಬೆಳಕಿಗೆ ಹೊಳೆಯುತ್ತವೆ. ಹೆದರಿಸಲೆಂದು ಆಕಾಶಕ್ಕೆ ಹೊಡೆದದ್ದೂ ಎಲ್ಲೋ ಒಂದು ಕಡೆ ನೆಲಕ್ಕೆ ಇಳಿಯಲೇಬೇಕು. ಆ ರಾತ್ರಿ ಯಾರು ಯಾವ ಹೊಲದಲ್ಲಿ ಇರುತ್ತಾರೆಂದು ಸಂಜೆಯೇ ಒಬ್ಬರಿಗೊಬ್ಬರು ಹೇಳಿಕೊಳ್ಳುವ ರೂಢಿ ಮಾಡಿಕೊಂಡರೆ ಅನೇಕ ದುರಂತಗಳು ತಪ್ಪುತ್ತವೆ. ದಾರಿಗೆ ತಂತಿ ಕಟ್ಟಿ ಕೋವಿಯನ್ನು ತಾನಾಗಿ ಸಿಡಿಯುವಂತೆ ಹೂಡುವುದಂತೂ ಕೊಲೆಯ ಹೊಂಚು. ಆ ತಂತಿಗೆ ಹಂದಿಯ ಕಾಲೂ ಒಂದೇ, ಸೊಪ್ಪು ತರಲು ಹೋದ ಹೆಂಗಸಿನ ಕಾಲೂ ಒಂದೇ.

ಕಾಡುಪ್ರಾಣಿಯೂ ಕಾನೂನೂ

ಕೋವಿಗೆ ಪರವಾನಗಿ ಇದೆ ಎಂದರೆ ಪ್ರಾಣಿ ಕೊಲ್ಲಲು ಪರವಾನಗಿ ಇದೆ ಎಂದಲ್ಲ. ಇವೆರಡೂ ಬೇರೆ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ಕಾಡುಹಂದಿ ಎರಡನೆಯ ಪಟ್ಟಿಯಲ್ಲಿದೆ. ಬೆಳೆಗೆ ಅಪಾಯಕಾರಿಯಾದಾಗ ಮುಖ್ಯ ವನ್ಯಜೀವಿ ಪರಿಪಾಲಕರು, ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ, ಕಾರಣ ಬರೆದು ಲಿಖಿತ ಆದೇಶ ಹೊರಡಿಸಿದರೆ ಮಾತ್ರ ಅದನ್ನು ಕೊಲ್ಲಬಹುದು. ಆನೆ, ಕಾಟಿ, ಚಿರತೆ, ನವಿಲು ಮೊದಲನೆಯ ಪಟ್ಟಿಯವು. ಬೆಳೆ ತಿಂದವೆಂಬ ಕಾರಣಕ್ಕೆ ಇವುಗಳ ಮೇಲೆ ಈಡು ಹೊಡೆಯುವಂತಿಲ್ಲ. 1998ರಿಂದ ಭದ್ರಾ ಹುಲಿ ಸಂರಕ್ಷಿತ ಪ್ರದೇಶವಾಗಿದೆ ಎಂಬುದನ್ನೂ ಕಾಡಂಚಿನ ರೈತರು ನೆನಪಿಡಬೇಕು.

ಬೆಳೆ ಹಾನಿಯಾದಾಗ ಹೊಲವನ್ನು ಹಾಗೆಯೇ ಬಿಟ್ಟು, ಹೆಜ್ಜೆ ಗುರುತಿನ ಸಹಿತ ಛಾಯಾಚಿತ್ರ ತೆಗೆದು, ಪಹಣಿಯೊಂದಿಗೆ ತಡಮಾಡದೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಅರ್ಜಿ ಕೊಟ್ಟರೆ ಪರಿಹಾರಕ್ಕೆ ದಾರಿಯಿದೆ. ಸೌರಶಕ್ತಿಯ ಬೇಲಿಯನ್ನು ನಾಲ್ಕಾರು ಹಿಡುವಳಿದಾರರು ಕೂಡಿ ಹಾಕಿಕೊಂಡರೆ ಖರ್ಚು ಹಗುರವಾಗುತ್ತದೆ. ಅದು ಕ್ಷಣಮಾತ್ರದ ಹೊಡೆತ ಕೊಟ್ಟು ಪ್ರಾಣಿಯನ್ನು ಹಿಮ್ಮೆಟ್ಟಿಸುತ್ತದೆ. ಆದರೆ ಮನೆಯ ಕರೆಂಟನ್ನು ನೇರವಾಗಿ ಬೇಲಿಗೆ ಕೊಡುವುದು ಅಪರಾಧ, ಜೀವಕ್ಕೂ ಮಾರಕ.

ಪೂಜೆಯ ದಿನ, ಉಳಿದ ದಿನ

ಕೊಡಗಿನಲ್ಲಿ ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಹೂವಿಟ್ಟು ಪೂಜಿಸುತ್ತಾರೆ. ನಮ್ಮಲ್ಲಿ ಆಯುಧಪೂಜೆಯ ದಿನ ನೇಗಿಲು, ಮಚ್ಚು, ಟ್ರ್ಯಾಕ್ಟರಿನ ಜೊತೆ ಕೋವಿಗೂ ಕುಂಕುಮ ಏರುತ್ತದೆ. ಪೂಜೆಗಿಡುವ ಕೋವಿಯೂ ಖಾಲಿಯಿರಬೇಕು, ಮತ್ತು ಅದನ್ನು ಮನೆಯ ಯಜಮಾನನೇ ಬಿಚ್ಚಿ ನೋಡಿರಬೇಕು. ಪೂಜೆ ಮುಗಿದ ಸಂಜೆ ಕುಂಕುಮ, ಗಂಧ, ಹೂವಿನ ನೀರು ಎಲ್ಲವನ್ನೂ ಒರೆಸಿ ಎಣ್ಣೆ ಹಚ್ಚದಿದ್ದರೆ ತೇವ ಉಳಿದ ಕಡೆಯಲ್ಲೇ ತುಕ್ಕಿನ ಚುಕ್ಕೆ ಏಳುತ್ತದೆ.

ಉಳಿದ ದಿನಗಳಲ್ಲಿ ಕೋವಿ ಖಾಲಿಯಾಗಿ, ಬೀಗದೊಳಗೆ, ಬೀಗದ ಕೈ ಯಜಮಾನನ ಬಳಿ ಇರಬೇಕು. ಕಾವಲಿಂದ ಬಂದವರು ಮನೆಯ ಹೊಸ್ತಿಲು ದಾಟುವ ಮೊದಲೇ ಅಂಗಳದಲ್ಲಿ ಕೋವಿ ಖಾಲಿಮಾಡಬೇಕು. ನಿದ್ದೆಗಣ್ಣಿನಲ್ಲಿ ತುಂಬಿದ ಕೋವಿಯನ್ನು ಬಾಗಿಲ ಮೂಲೆಗೆ ಒರಗಿಸಿದರೆ, ಬೆಳಿಗ್ಗೆ ಅದನ್ನು ಮೊದಲು ಮುಟ್ಟುವುದು ಮಗುವಿನ ಕೈ ಆದೀತು.

ಒಟ್ಟಿನಲ್ಲಿ ನೆನಪಿಡಬೇಕಾದುದು ಇಷ್ಟು: ನಳಿಗೆ ನೋಡಿ ತೋಟಾ ಇಡುವುದು, ತಳದ ಅಂಕಿ ಓದಿ ಇಡುವುದು, ಕೆಟ್ಟದ್ದನ್ನು ಬೇರೆ ತೆಗೆಯುವುದು, ಖಾಲಿ ತೋಟಾವನ್ನು ಮತ್ತೆ ತುಂಬದಿರುವುದು, ಸಿಡಿಯದಿದ್ದರೆ ಕಾಯುವುದು, ಪ್ರಾಣಿಯನ್ನೂ ಅದರ ಆಚೆಗಿನ ನೆಲವನ್ನೂ ಕಣ್ಣಾರೆ ಕಂಡ ಹೊರತು ಹೊಡೆಯದಿರುವುದು. ಇವಕ್ಕೆಲ್ಲ ಸೇರಿ ಐದು ನಿಮಿಷವೂ ಹಿಡಿಯುವುದಿಲ್ಲ. ಹಂದಿ ತಿಂದ ಜೋಳವನ್ನು ಮುಂದಿನ ಮಳೆಗೆ ಮತ್ತೆ ಬಿತ್ತಬಹುದು. ಆದ್ದರಿಂದ ಈ ವಾರ ಒಂದು ಹಗಲು ಬಿಡುವು ಮಾಡಿಕೊಂಡು, ಕೋವಿಯನ್ನೂ ತೋಟಾಗಳನ್ನೂ ಪರವಾನಗಿ ಪುಸ್ತಕವನ್ನೂ ಬೆಳಕಿಗೆ ತಂದು ಒಂದೊಂದಾಗಿ ನೋಡಿರಿ. ಅನುಮಾನ ಬಂದುದನ್ನು ಪರವಾನಗಿ ಪಡೆದ ಅಂಗಡಿಯವರಲ್ಲಿ ಕೇಳಿ ಪರಿಹರಿಸಿಕೊಂಡ ಮೇಲೆಯೇ ಕಾವಲಿಗೆ ಹೊರಡಿರಿ.